ಬೋಳು ಐ, ಚುಕ್ಕೆ ಐ: ಟರ್ಕಿಶ್ ಅಕ್ಷರಗಳ ಮುಂದೆ ಸಾಫ್ಟ್‌ವೇರ್ ಮುಗ್ಗರಿಸುವುದೆಲ್ಲಿ?

ಪಿಎಚ್‌ಪಿ ಭಾಷೆಯ ಬಗ್‌ಗಳ ಪಟ್ಟಿಯಲ್ಲಿ 18556 ಎಂಬ ಸಂಖ್ಯೆಯ ದೂರೊಂದಿದೆ. ಅದು ದಾಖಲಾದದ್ದು 2002ರಲ್ಲಿ. ಪ್ರೋಗ್ರಾಂನ ಭಾಷಾ ಸೆಟ್ಟಿಂಗನ್ನು ಟರ್ಕಿಶ್‌ಗೆ ಬದಲಿಸಿದ ಕೂಡಲೇ, ಹೆಸರಿನಲ್ಲಿ ಕ್ಯಾಪಿಟಲ್ ಐ ಇರುವ ಕ್ಲಾಸ್‌ಗಳು ಕಾಣೆಯಾಗುತ್ತವೆ ಎಂಬುದು ಅದರ ಸಾರ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಫೈಲ್ ಇದ್ದಲ್ಲೇ ಇದೆ. ಆದರೂ ಪಿಎಚ್‌ಪಿ ‘ಅಂಥ ಕ್ಲಾಸೇ ಇಲ್ಲ’ ಎನ್ನುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು 2013ರಲ್ಲಿ, ಪಿಎಚ್‌ಪಿ 5.5 ಬಿಡುಗಡೆಯಾದಾಗ. ಒಂದು ಅಕ್ಷರದ ತಲೆಯ ಮೇಲಿನ ಚುಕ್ಕೆಯ ವ್ಯಾಜ್ಯ ಹನ್ನೊಂದು ವರ್ಷ ನಡೆಯಿತು ಎಂದಾಯಿತು.

ಇದು ಪಿಎಚ್‌ಪಿಯ ಹಣೆಬರಹ ಮಾತ್ರವಲ್ಲ. ಜಾವಾ, ಡಾಟ್‌ನೆಟ್, ಕಾಟ್ಲಿನ್, ಡೇಟಾಬೇಸ್‌ಗಳು, ವೆಬ್ ಫ್ರೇಮ್‌ವರ್ಕ್‌ಗಳು, ಎಲ್ಲವೂ ಒಂದಲ್ಲ ಒಂದು ಸಲ ಇದೇ ಜಾಗದಲ್ಲಿ ಎಡವಿವೆ. ಬೆಂಗಳೂರಿನಲ್ಲಿ ಕೂತು ಹೊರದೇಶದ ಗ್ರಾಹಕರಿಗಾಗಿ ಕೋಡ್ ಬರೆಯುವವರ ಮೇಜಿಗೂ ಈ ದೂರು ಬರುವುದುಂಟು: ‘ಎಲ್ಲ ಕಡೆ ಸರಿಯಾಗಿದೆ, ಇಸ್ತಾಂಬುಲ್ ಕಚೇರಿಯಲ್ಲಿ ಮಾತ್ರ ಲಾಗಿನ್ ಆಗುತ್ತಿಲ್ಲ.’ ಅಂಥ ದೂರು ಬಂದಾಗ ನೆಟ್‌ವರ್ಕ್ ಪರೀಕ್ಷಿಸುವ ಮೊದಲು ಐ ಅಕ್ಷರವನ್ನು ಪರೀಕ್ಷಿಸುವುದು ಒಳ್ಳೆಯದು.

ಮಾತು ಸುಲಭವಾಗಲೆಂದು ಇಲ್ಲಿ ಎರಡು ಹೆಸರು ಇಟ್ಟುಕೊಳ್ಳೋಣ. ತಲೆಯ ಮೇಲೆ ಚುಕ್ಕೆ ಇರುವುದು ಚುಕ್ಕೆ ಐ, ಇಲ್ಲದ್ದು ಬೋಳು ಐ. ಇಂಗ್ಲಿಷಿನ ದೊಡ್ಡ ಎಬಿಸಿಡಿಯಲ್ಲಿ ಇರುವುದು ಬೋಳು ಐ, ಚಿಕ್ಕ ಎಬಿಸಿಡಿಯಲ್ಲಿ ಇರುವುದು ಚುಕ್ಕೆ ಐ. ದೊಡ್ಡದಾಗುವಾಗ ಚುಕ್ಕೆ ಉದುರುತ್ತದೆ, ಚಿಕ್ಕದಾಗುವಾಗ ಮತ್ತೆ ಹುಟ್ಟುತ್ತದೆ. ನಾವು ಒಂದನೇ ಕ್ಲಾಸಿನಿಂದ ಹಾಗೇ ಬರೆದುಕೊಂಡು ಬಂದದ್ದರಿಂದ ಇದು ವಿಚಿತ್ರವೆಂದು ಅನ್ನಿಸುವುದೇ ಇಲ್ಲ. ಟರ್ಕಿಶ್ ಭಾಷೆಯಲ್ಲಿ ಇವು ಎರಡು ಬೇರೆ ಬೇರೆ ಅಕ್ಷರಗಳು. ಚಿಕ್ಕ ಚುಕ್ಕೆ ಐ ದೊಡ್ಡದಾದರೂ ಚುಕ್ಕೆ ಇಟ್ಟುಕೊಂಡೇ ಇರುತ್ತದೆ. ದೊಡ್ಡ ಬೋಳು ಐ ಚಿಕ್ಕದಾದರೂ ಬೋಳಾಗಿಯೇ ಇರುತ್ತದೆ. ಒಟ್ಟು ನಾಲ್ಕು ರೂಪ, ಎರಡು ಜೋಡಿ. ನಿಜ ಹೇಳಬೇಕೆಂದರೆ ಇವೆರಡರಲ್ಲಿ ಅಡ್ಡಾದಿಡ್ಡಿ ನಡೆಯುವುದು ಇಂಗ್ಲಿಷೇ, ಟರ್ಕಿಶ್ ಅಲ್ಲ.

ಚುಕ್ಕೆ ಎಲ್ಲಿಂದ ಬಂತು

1928ರವರೆಗೆ ಟರ್ಕಿಶ್ ಭಾಷೆಯನ್ನು ಅರಬ್ಬೀ ಲಿಪಿಯಲ್ಲಿ ಬರೆಯುತ್ತಿದ್ದರು. ಸ್ವರಗಳನ್ನು ಸೂಚಿಸುವುದರಲ್ಲಿ ಆ ಲಿಪಿ ಬಹಳ ಜಿಪುಣ, ಟರ್ಕಿಶ್‌ನಲ್ಲಾದರೋ ಎಂಟು ಸ್ವರಗಳಿವೆ. ಆ ವರ್ಷದ ಆಗಸ್ಟ್ 9ರಂದು ಇಸ್ತಾಂಬುಲ್‌ನಲ್ಲಿ ಅಧ್ಯಕ್ಷ ಮುಸ್ತಫಾ ಕೆಮಾಲ್ ಹೊಸ ಲಿಪಿಯ ಘೋಷಣೆ ಮಾಡಿದರು. ನವೆಂಬರ್ 1ರಂದು ಸಂಸತ್ತು 1353ನೆಯ ಸಂಖ್ಯೆಯ ಕಾನೂನನ್ನು ಅಂಗೀಕರಿಸಿತು. ಕೆಲವೇ ತಿಂಗಳಲ್ಲಿ ಪತ್ರಿಕೆ, ಪುಸ್ತಕ, ಸರ್ಕಾರಿ ಕಡತ ಎಲ್ಲವೂ 29 ಅಕ್ಷರಗಳ ಲ್ಯಾಟಿನ್ ವರ್ಣಮಾಲೆಗೆ ಬಂದವು.

ಆ ವರ್ಣಮಾಲೆ ಮಾಡಿದವರು ಚುಕ್ಕೆಯನ್ನು ಅಲಂಕಾರಕ್ಕೆ ಇಟ್ಟದ್ದಲ್ಲ. ಟರ್ಕಿಶ್ ಸ್ವರಗಳು ಜೋಡಿಯಾಗಿ ನಡೆಯುತ್ತವೆ: ನಾಲಿಗೆಯ ಹಿಂಭಾಗದಿಂದ ಹೊರಡುವುದೊಂದು, ಮುಂಭಾಗದಿಂದ ಹೊರಡುವುದೊಂದು. ಓ ಮತ್ತು ಯು ಅಕ್ಷರಗಳ ಮುಂಭಾಗದ ಜೊತೆಗಾರರಿಗೆ ತಲೆಯ ಮೇಲೆ ಎರಡೆರಡು ಚುಕ್ಕೆ. ಅದೇ ಲೆಕ್ಕದಲ್ಲಿ ಬೋಳು ಐ ಹಿಂಭಾಗದ್ದು, ಚುಕ್ಕೆ ಐ ಮುಂಭಾಗದ್ದು. ಓ, ಯುಗಳ ಚುಕ್ಕೆಗಳು ದೊಡ್ಡಕ್ಷರದಲ್ಲೂ ಉಳಿಯುತ್ತವೆಯಾದ್ದರಿಂದ ಐನ ಚುಕ್ಕೆಯೂ ಉಳಿಯಿತು. ಚುಕ್ಕೆ ಐ ನಮ್ಮ ‘ಇ’. ಬೋಳು ಐ ಹೇಳಬೇಕಾದರೆ ‘ಉ’ ಎನ್ನಲು ಅಣಿಯಾಗಿ, ತುಟಿಯನ್ನು ದುಂಡಗೆ ಮಾಡದೆ ಅಗಲಿಸಿಟ್ಟುಕೊಳ್ಳಬೇಕು. ತುಳು ಬಲ್ಲವರಿಗೆ ಇದು ಕಷ್ಟವಲ್ಲ. ತುಳುವಿನ ಎಷ್ಟೋ ಪದಗಳ ಕೊನೆಯಲ್ಲಿ ಕೇಳುವ ಅರ್ಧ ಉಕಾರ ಇದರ ಹತ್ತಿರದ ಸಂಬಂಧಿ.

ಚುಕ್ಕೆ ತಪ್ಪಿದರೆ ಅರ್ಥವೇ ಬೇರೆ. ‘ಸಿನಿರ್’ ಎಂಬ ಪದದ ಎರಡೂ ಐಗಳು ಬೋಳಾದರೆ ಅದು ಗಡಿ, ಎರಡಕ್ಕೂ ಚುಕ್ಕೆ ಇದ್ದರೆ ನರ. ‘ಕಿರ್’ ಎಂಬುದು ಬೋಳಾದರೆ ಊರ ಹೊರಗಿನ ಬಯಲು, ಚುಕ್ಕೆ ಬಿದ್ದರೆ ಕೊಳೆ. ಊರ ಹೆಸರುಗಳಲ್ಲೂ ಹಾಗೆಯೇ: ಇಜ್ಮಿರ್ ಶುರುವಾಗುವುದು ಚುಕ್ಕೆ ಐನಿಂದ, ಗುಲಾಬಿಗೆ ಹೆಸರಾದ ಇಸ್ಪಾರ್ತಾ ಶುರುವಾಗುವುದು ಬೋಳು ಐನಿಂದ. ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ‘ಇ’ಯನ್ನೇ ಹಾಕುತ್ತೇವೆ, ನಮ್ಮ ಲಿಪಿಯಲ್ಲೂ ಈ ವ್ಯತ್ಯಾಸಕ್ಕೆ ಜಾಗವಿಲ್ಲ.

ಕಂಪ್ಯೂಟರಿಗೆ ಈ ನಾಲ್ಕು ರೂಪಗಳನ್ನು ಕಲಿಸುವಾಗ ಆದ ಒಂದು ತೀರ್ಮಾನವೇ ಇಂದಿನ ತೊಂದರೆಯ ಬೇರು. 1989ರಲ್ಲಿ ಬಂದ ಐಎಸ್ಒ 8859-9 ಎಂಬ ಸಂಕೇತಪಟ್ಟಿ, ಪಶ್ಚಿಮ ಯುರೋಪಿನ ಪಟ್ಟಿಯಿಂದ ಐಸ್‌ಲ್ಯಾಂಡಿನ ಆರು ಅಕ್ಷರಗಳನ್ನು ತೆಗೆದು ಆ ಜಾಗದಲ್ಲಿ ಟರ್ಕಿಶ್‌ನ ಆರು ಅಕ್ಷರಗಳನ್ನು ಕೂರಿಸಿತು. ದೊಡ್ಡ ಚುಕ್ಕೆ ಐ, ಚಿಕ್ಕ ಬೋಳು ಐ ಆ ಆರರಲ್ಲಿ ಎರಡು. ಉಳಿದೆರಡು ಐಗಳಿಗೆ ಇಂಗ್ಲಿಷಿನ ಸಂಕೇತಗಳನ್ನೇ ಎರವಲು ಪಡೆದರು. ಯೂನಿಕೋಡ್ ಕೂಡ ಇದನ್ನೇ ಮುಂದುವರಿಸಿತು: ಹೊಸ ಎರಡಕ್ಕೆ ಯು+0130, ಯು+0131 ಎಂಬ ಮನೆಗಳು, ಹಳೆಯ ಎರಡು ಇಂಗ್ಲಿಷಿನ ಮನೆಯಲ್ಲೇ. ರಷ್ಯನ್ ಲಿಪಿಯ ‘ಎ’ ನೋಡಲು ಇಂಗ್ಲಿಷಿನ ‘ಎ’ಯಂತೆಯೇ ಇದ್ದರೂ ಅದಕ್ಕೆ ಪ್ರತ್ಯೇಕ ಸಂಕೇತವಿದೆ. ಟರ್ಕಿಶ್ ಐಗಳಿಗೆ ಆ ಭಾಗ್ಯ ಇಲ್ಲ. ಆದ್ದರಿಂದ ಚಿಕ್ಕ ಚುಕ್ಕೆ ಐ ಒಂದನ್ನು ಕಂಡಾಗ ಅದು ಇಂಗ್ಲಿಷಿನದೋ ಟರ್ಕಿಶ್‌ನದೋ ಎಂದು ಅಕ್ಷರ ನೋಡಿ ಹೇಳಲು ಬರುವುದಿಲ್ಲ. ಭಾಷೆ ಯಾವುದೆಂದು ಹೊರಗಿನಿಂದ ಯಾರಾದರೂ ಹೇಳಬೇಕು. ಆ ‘ಯಾರಾದರೂ’ ಸಾಮಾನ್ಯವಾಗಿ ಕಂಪ್ಯೂಟರಿನ ಲೊಕೇಲ್, ಅಂದರೆ ದೇಶ-ಭಾಷೆಯ ಸೆಟ್ಟಿಂಗ್.

ಅಜರ್‌ಬೈಜಾನಿ ಭಾಷೆಗೂ ಇದೇ ನಿಯಮ. ಟರ್ಕಿಯಲ್ಲಿ ಗ್ರಾಹಕರಿಲ್ಲ ಎಂದು ನಿಶ್ಚಿಂತೆಯಿಂದ ಇರುವವರು ಅಜರ್‌ಬೈಜಾನಿನ ಬಾಕುವನ್ನೂ ನೆನಪಿಟ್ಟುಕೊಳ್ಳಬೇಕು.

ಕೋಡ್ ಎಡವುವ ಜಾಗ

ಪ್ರೋಗ್ರಾಮರ್‌ಗಳಿಗೆ ಒಂದು ಅಭ್ಯಾಸವಿದೆ. ಎರಡು ಪದಗಳು ಒಂದೇ ಹೌದೋ ಅಲ್ಲವೋ ಎಂದು ನೋಡಬೇಕಾದಾಗ, ದೊಡ್ಡಕ್ಷರ-ಚಿಕ್ಕಕ್ಷರದ ತಕರಾರು ಬೇಡವೆಂದು ಎರಡನ್ನೂ ಚಿಕ್ಕಕ್ಷರಕ್ಕೆ ಇಳಿಸಿ ಹೋಲಿಸುತ್ತಾರೆ. ಜಾವಾದಲ್ಲಿ ‘ಟುಲೋವರ್‌ಕೇಸ್’ ಎಂದು ಬರೆದು ಆವರಣವನ್ನು ಖಾಲಿ ಬಿಟ್ಟರೆ, ಅದು ಆ ಯಂತ್ರದ ಲೊಕೇಲ್ ಯಾವುದಿದೆಯೋ ಅದರ ನಿಯಮ ಹಿಡಿಯುತ್ತದೆ. ಯಂತ್ರ ಟರ್ಕಿಶ್ ಆಗಿದ್ದರೆ ‘ಟೈಟಲ್’ ಎಂಬ ದೊಡ್ಡಕ್ಷರದ ಪದ ಚಿಕ್ಕದಾದಾಗ ಬೋಳು ಐ ಹೊತ್ತು ಬರುತ್ತದೆ. ಚುಕ್ಕೆ ಐ ಇರುವ ‘ಟೈಟಲ್’ ಜೊತೆ ಹೋಲಿಸಿದರೆ ಎರಡೂ ಬೇರೆ ಎಂಬ ಉತ್ತರ. ಜಾವಾದ ಅಧಿಕೃತ ದಾಖಲೆಯೇ ಇದೇ ಪದವನ್ನು ಉದಾಹರಣೆಯಾಗಿ ಕೊಟ್ಟು ಎಚ್ಚರಿಸುತ್ತದೆ. ಆದರೆ ಕೋಡ್ ಓಡುತ್ತಿರುವಾಗ ದಾಖಲೆ ಓದುವವರು ಯಾರು?

ಐ ಅಕ್ಷರ ಬಾರದ ತಾಂತ್ರಿಕ ಪದ ಹುಡುಕುವುದೇ ಕಷ್ಟ. ಎಸ್‌ಕ್ಯೂಎಲ್‌ನ ಇನ್ಸರ್ಟ್, ಜಾಯಿನ್, ಲಿಮಿಟ್. ಎಚ್‌ಟಿಎಂಎಲ್‌ನ ಡಿವ್, ಇಮೇಜ್, ಟೈಟಲ್ ಟ್ಯಾಗ್‌ಗಳು. ವೆಬ್ ಸರ್ವರ್ ಕಳಿಸುವ ಹೆಡರ್‌ಗಳು. ಲಾಗ್‌ನಲ್ಲಿ ಬರುವ ಇನ್ಫೊ, ವಾರ್ನಿಂಗ್. ಫೈಲ್ ಎಂಬ ಪದವೇ. ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿ ಟೇಬಲ್‌ನಲ್ಲೂ ಕೂತಿರುವ ಐಡಿ. ಯಾವುದೇ ಒಂದು ಕಡೆ ಇವನ್ನು ಲೊಕೇಲ್ ನಂಬಿ ಬದಲಿಸಿದರೆ ಟರ್ಕಿಶ್ ಯಂತ್ರದಲ್ಲಿ ಕೆಟ್ಟಿತು. ಕೆಡುವುದು ಹಲವು ಸಲ ನಾವು ಬರೆದ ಕೋಡ್ ಕೂಡ ಅಲ್ಲ, ಎಲ್ಲಿಂದಲೋ ಎಳೆದು ತಂದ ಲೈಬ್ರರಿ. ಹಾಗಾಗಿ ದೋಷ ಕಾಣಿಸುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು.

ಡೇಟಾಬೇಸ್‌ಗಳಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಕಥೆ ಹೇಳಲೇಬೇಕು. ಅಲ್ಲಿ ಪ್ರತಿ ಡೇಟಾಬೇಸ್‌ಗೂ ಕೊಲೇಷನ್ ಎಂಬ ಅಕ್ಷರ ಹೋಲಿಕೆಯ ನಿಯಮವಿರುತ್ತದೆ. ದೊಡ್ಡ-ಚಿಕ್ಕ ಭೇದವೆಣಿಸದ ಟರ್ಕಿಶ್ ಕೊಲೇಷನ್ ಆರಿಸಿಕೊಂಡರೆ ಆ ನಿಯಮ ದತ್ತಾಂಶಕ್ಕಷ್ಟೇ ಅಲ್ಲ, ಟೇಬಲ್ ಮತ್ತು ಕಾಲಂ ಹೆಸರುಗಳಿಗೂ ಅನ್ವಯಿಸುತ್ತದೆ. ಕಾಲಂಗೆ ದೊಡ್ಡಕ್ಷರದಲ್ಲಿ ಐಡಿ ಎಂದು ಹೆಸರಿಟ್ಟು, ಕ್ವೆರಿಯಲ್ಲಿ ಚಿಕ್ಕಕ್ಷರದಲ್ಲಿ ಬರೆದರೆ ‘ಅಂಥ ಕಾಲಂ ಇಲ್ಲ’ ಎಂಬ ಎರರ್. ಭೇದವೆಣಿಸುವುದಿಲ್ಲ ಎಂದು ಒಪ್ಪಿದ ಡೇಟಾಬೇಸ್ ಹೀಗೆ ಮಾಡುವುದು ಮೋಸವೆನ್ನಿಸಬಹುದು, ಆದರೆ ಟರ್ಕಿಶ್ ಕಣ್ಣಿನಲ್ಲಿ ಅವು ದೊಡ್ಡ-ಚಿಕ್ಕ ರೂಪಗಳೇ ಅಲ್ಲ, ಬೇರೆ ಅಕ್ಷರಗಳು. ಪೋಸ್ಟ್‌ಗ್ರೆಸ್ ಮಾಡಿದವರು ಇದನ್ನು ಮೊದಲೇ ಕಂಡುಕೊಂಡಿದ್ದರು. ಕೀವರ್ಡ್‌ಗಳನ್ನು ಚಿಕ್ಕದು ಮಾಡುವಾಗ ಮಾಮೂಲಿ ಫಂಕ್ಷನ್ ಬಳಸಬಾರದು, ಟರ್ಕಿಶ್‌ನಂಥ ಲೊಕೇಲ್‌ನಲ್ಲಿ ಅದು ಕೈಕೊಡುತ್ತದೆ ಎಂದು ಅದರ ಮೂಲ ಕೋಡ್‌ನಲ್ಲೇ ಟಿಪ್ಪಣಿ ಬರೆದಿಟ್ಟಿದ್ದಾರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆಯೂ ಜಾಣ: ಅಕ್ಷರ ಬದಲಾವಣೆಯ ತನ್ನದೇ ಪಟ್ಟಿಯನ್ನು ಡಿಸ್ಕ್‌ನಲ್ಲೇ ಇಟ್ಟುಕೊಂಡಿರುತ್ತದೆ, ಬಳಕೆದಾರರ ಭಾಷೆ ಯಾವುದೆಂದು ಕೇಳುವುದೇ ಇಲ್ಲ.

ಇನ್ನೊಂದು ತೊಡಕು ಉದ್ದದ್ದು. ಅಕ್ಷರದ ದೊಡ್ಡ ರೂಪಕ್ಕೂ ಚಿಕ್ಕ ರೂಪಕ್ಕೂ ಒಂದೇ ಅಳತೆ ಎಂದು ನಂಬಿಕೊಂಡ ಕೋಡ್ ಬಹಳ. ಟರ್ಕಿಶ್ ಅಲ್ಲದ ನಿಯಮದಲ್ಲಿ ದೊಡ್ಡ ಚುಕ್ಕೆ ಐಯನ್ನು ಚಿಕ್ಕದು ಮಾಡಿದರೆ ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಮೂರೂ ಒಂದು ಅಕ್ಷರದ ಬದಲು ಎರಡು ಸಂಕೇತ ಕೊಡುತ್ತವೆ: ಮಾಮೂಲಿ ಚಿಕ್ಕ ಐ, ಅದರ ಮೇಲೆ ಕೂರುವ ಪ್ರತ್ಯೇಕ ಚುಕ್ಕೆ. ಯುಟಿಎಫ್-8ರಲ್ಲಿ ಎರಡು ಬೈಟ್ ಇದ್ದದ್ದು ಮೂರಾಗುತ್ತದೆ. ಲೇಖನವೊಂದನ್ನು ಚಿಕ್ಕಕ್ಷರಕ್ಕೆ ಇಳಿಸಿ, ಅದರಲ್ಲಿ ಪದ ಹುಡುಕಿ, ಸಿಕ್ಕ ಸ್ಥಾನಸಂಖ್ಯೆಯನ್ನು ಮೂಲ ಲೇಖನಕ್ಕೆ ಅನ್ವಯಿಸಿ ಹಳದಿ ಬಣ್ಣ ಬಳಿಯುವ ಪ್ರೋಗ್ರಾಂಗಳಲ್ಲಿ, ‘ಇಸ್ತಾಂಬುಲ್’ ದಾಟಿದ ಮೇಲೆ ಬಣ್ಣ ಒಂದಕ್ಷರ ಆಚೆಗೆ ಸರಿದಿರುವುದು ಇದರಿಂದಲೇ. ಹಳೆಯ ಅಳತೆಯ ಜಾಗವನ್ನಷ್ಟೇ ಕಾದಿರಿಸಿದ ಸಿ ಭಾಷೆಯ ಕೋಡ್‌ನಲ್ಲಾದರೆ ಬಣ್ಣ ಸರಿಯುವುದಲ್ಲ, ಪಕ್ಕದ ಮೆಮೊರಿಯೇ ಹಾಳಾದೀತು.

ಪಾಸ್‌ವರ್ಡ್ ಕದಿಯಲು ಒಂದು ಚುಕ್ಕೆ

ಇಲ್ಲಿಯವರೆಗೆ ಹೇಳಿದ್ದು ಕೆಲಸ ನಿಲ್ಲಿಸುವ ದೋಷಗಳು. ಕಳ್ಳರಿಗೆ ಬಾಗಿಲು ತೆರೆಯುವವೂ ಇವೆ, ಅವುಗಳಲ್ಲಿ ಕೆಲವಕ್ಕೆ ಯಂತ್ರ ಟರ್ಕಿಶ್ ಆಗಿರಬೇಕೆಂಬ ಷರತ್ತೂ ಇಲ್ಲ.

ಚಿಕ್ಕ ಬೋಳು ಐಯನ್ನು ಯಾವ ಭಾಷೆಯ ನಿಯಮದಲ್ಲಿ ದೊಡ್ಡದು ಮಾಡಿದರೂ ಸಿಗುವುದು ಇಂಗ್ಲಿಷಿನ ಕ್ಯಾಪಿಟಲ್ ಐ. ಅಂದರೆ ಎರಡು ಇಮೇಲ್ ವಿಳಾಸಗಳು, ಒಂದರಲ್ಲಿ ಮಾಮೂಲಿ ಐ, ಇನ್ನೊಂದರಲ್ಲಿ ಬೋಳು ಐ, ದೊಡ್ಡಕ್ಷರಕ್ಕೆ ಏರಿಸಿದ ಕೂಡಲೇ ಒಂದೇ ಆಗಿಬಿಡುತ್ತವೆ. ಜ್ಯಾಂಗೊ ಎಂಬ ಜನಪ್ರಿಯ ವೆಬ್ ಫ್ರೇಮ್‌ವರ್ಕ್‌ನಲ್ಲಿ 2019ರ ಡಿಸೆಂಬರಿನಲ್ಲಿ ಬಯಲಾದ, ಸಿವಿಇ-2019-19844 ಎಂದು ದಾಖಲಾದ ದೋಷ ಇಂಥದ್ದೇ. ‘ಪಾಸ್‌ವರ್ಡ್ ಮರೆತಿರಾ?’ ಪುಟದಲ್ಲಿ ಕಳ್ಳ ತನ್ನ ಕೈಯಲ್ಲಿರುವ, ಬೋಳು ಐ ಇರುವ ವಿಳಾಸ ಹಾಕುತ್ತಾನೆ. ದೊಡ್ಡ-ಚಿಕ್ಕ ಭೇದ ಮರೆತು ಹುಡುಕುವ ಡೇಟಾಬೇಸ್ ಮಾಮೂಲಿ ಐ ಇರುವ ಅಸಲಿ ಬಳಕೆದಾರರ ಖಾತೆಯನ್ನು ಹುಡುಕಿಕೊಡುತ್ತದೆ. ಪ್ರೋಗ್ರಾಂ ಪಾಸ್‌ವರ್ಡ್ ಬದಲಿಸುವ ಲಿಂಕನ್ನು ಕಳಿಸುವುದು ಮಾತ್ರ ಕಳ್ಳ ಟೈಪ್ ಮಾಡಿದ ವಿಳಾಸಕ್ಕೆ. ಗಿಟ್‌ಹಬ್‌ನ ಪಾಸ್‌ವರ್ಡ್ ವ್ಯವಸ್ಥೆಯಲ್ಲೂ ಇದೇ ಬಗೆಯ ದೋಷವಿದ್ದದ್ದು ಅದೇ ವರ್ಷ ಹೊರಬಂತು.

ಜ್ಯಾಂಗೊ ತಂಡ ಮಾಡಿದ ದುರಸ್ತಿಯನ್ನು ಲಾಗಿನ್ ಪುಟ ಬರೆಯುವ ಎಲ್ಲರೂ ಅನುಸರಿಸಬಹುದು: ಬಳಕೆದಾರರು ಏನೇ ಟೈಪ್ ಮಾಡಲಿ, ಪತ್ರ ಹೋಗಬೇಕಾದದ್ದು ನಮ್ಮ ದಾಖಲೆಯಲ್ಲಿರುವ ವಿಳಾಸಕ್ಕೆ ಮಾತ್ರ.

ಮೈಕ್ರೋಸಾಫ್ಟ್ ತನ್ನ ಡಾಟ್‌ನೆಟ್ ಮಾರ್ಗದರ್ಶಿಯಲ್ಲಿ ಇನ್ನೊಂದು ಬಗೆ ತೋರಿಸುತ್ತದೆ. ‘ಫೈಲ್’ ಎಂದು ಶುರುವಾಗುವ ವಿಳಾಸಗಳನ್ನು ತಡೆಯಬೇಕೆಂದು ಪ್ರೋಗ್ರಾಂ ಬರೆದಿದ್ದಾರೆ, ಹೋಲಿಕೆಗೆ ಯಂತ್ರದ ಭಾಷೆಯ ನಿಯಮ ಬಳಸಿದ್ದಾರೆ ಎನ್ನಿ. ಟರ್ಕಿಶ್ ಯಂತ್ರದಲ್ಲಿ ಅದೇ ಪದವನ್ನು ದೊಡ್ಡಕ್ಷರದಲ್ಲಿ ಬರೆದು ಕಳಿಸಿದರೆ ಕಾವಲು ಅದನ್ನು ಗುರುತಿಸುವುದಿಲ್ಲ, ಒಳಗೆ ಬಿಡುತ್ತದೆ. ತಡೆಯುವ ಪಟ್ಟಿಗಿಂತ ಒಪ್ಪುವ ಪಟ್ಟಿ ಇಟ್ಟುಕೊಳ್ಳುವುದು ಮೇಲು ಎನ್ನಲು ಇದೂ ಒಂದು ಕಾರಣ. ಒಪ್ಪುವ ಪಟ್ಟಿಯಲ್ಲಿ ತಪ್ಪಾದರೆ ಯಾರೋ ಹೊರಗೆ ಉಳಿಯುತ್ತಾರೆ, ಅಷ್ಟೇ.

ಯಂತ್ರದ ಮಾತು, ಮನುಷ್ಯರ ಮಾತು

ಸಮಸ್ಯೆ ಅರ್ಥವಾದ ಮೇಲೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕೋಡ್‌ನ ಉದ್ದಗಲಕ್ಕೂ ಲೊಕೇಲ್ ಬಿಟ್ಟು ಇಂಗ್ಲಿಷ್ ನಿಯಮ ಹಾಕಿಬಿಡುವುದು. ಎರರ್ ನಿಲ್ಲುತ್ತದೆ, ಟರ್ಕಿಯ ಜನರ ಹೆಸರುಗಳು ಕೆಡಲು ಶುರುವಾಗುತ್ತವೆ. ನನ್ನ ಪ್ರಕಾರ ಇದು ದುರಸ್ತಿಯಲ್ಲ, ತೊಂದರೆಯನ್ನು ನಮ್ಮ ತಲೆಯಿಂದ ಅವರ ತಲೆಗೆ ದಾಟಿಸುವುದು. ಅಕ್ಷರ ಬದಲಿಸುವ ಪ್ರತಿ ಸಾಲಿನ ಮುಂದೆ ನಿಂತು ಈ ಪದ ಯಾರಿಗಾಗಿ ಇದೆ ಎಂದು ಕೇಳಬೇಕು. ಯಂತ್ರ ಓದಲಿಕ್ಕೋ, ಮನುಷ್ಯರು ಓದಲಿಕ್ಕೋ?

ಯಂತ್ರಕ್ಕಾದರೆ, ಅಂದರೆ ಕೀವರ್ಡ್, ಹೆಡರ್, ಫೈಲ್ ಎಕ್ಸ್‌ಟೆನ್ಷನ್, ಕಾನ್ಫಿಗರೇಷನ್ ಕೀ, ದೇಶದ ಸಂಕೇತ ಇಂಥವಾದರೆ, ಲೊಕೇಲ್‌ಗೆ ಅಲ್ಲಿ ಕೆಲಸವಿಲ್ಲ. ಜಾವಾದಲ್ಲಿ ‘ಲೊಕೇಲ್ ರೂಟ್’ ಎಂದು ಸ್ಪಷ್ಟವಾಗಿ ಹೇಳಬೇಕು, ಜಾವಾ 6ರಿಂದ ಅದು ಲಭ್ಯ. ಡಾಟ್‌ನೆಟ್‌ನಲ್ಲಿ ಹೋಲಿಕೆಗೆ ‘ಆರ್ಡಿನಲ್ ಇಗ್ನೋರ್ ಕೇಸ್’, ಬದಲಾವಣೆಗೆ ‘ಇನ್ವೇರಿಯಂಟ್’ ಎಂದು ಕೊನೆಯಾಗುವ ಫಂಕ್ಷನ್‌ಗಳು. ಕಾಟ್ಲಿನ್ 2021ರ 1.5 ಆವೃತ್ತಿಯಲ್ಲಿ ಹಳೆಯ ಫಂಕ್ಷನ್‌ಗಳನ್ನು ಬದಿಗಿಟ್ಟು, ಲೊಕೇಲ್ ನೋಡದ ಹೊಸ ‘ಅಪ್ಪರ್‌ಕೇಸ್’, ‘ಲೋವರ್‌ಕೇಸ್’ ಕೊಟ್ಟಿತು. ಪಿಎಚ್‌ಪಿ 8.2ರಿಂದ ಮಾಮೂಲಿ ಫಂಕ್ಷನ್‌ಗಳೂ ಲೊಕೇಲ್ ನೋಡುವುದನ್ನು ಬಿಟ್ಟಿವೆ. ಜಾವಾಸ್ಕ್ರಿಪ್ಟ್, ಪೈಥಾನ್ 3, ರಸ್ಟ್ ಬಳಸುವವರಿಗೆ ಈ ಬಾಬ್ತಿನಲ್ಲಿ ಚಿಂತೆ ಕಡಿಮೆ; ಅವು ಮೊದಲಿಂದಲೂ ಯಂತ್ರದ ಭಾಷೆ ಕೇಳುವುದಿಲ್ಲ.

ಮನುಷ್ಯರು ಓದುವ ಪದಗಳಿಗೆ ಇದರ ವಿರುದ್ಧ ಜಾಗ್ರತೆ ಬೇಕು: ಭಾಷೆ ಯಾವುದೆಂದು ಹೇಳಲೇಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ‘ಟುಲೊಕೇಲ್ ಅಪ್ಪರ್‌ಕೇಸ್’ಗೆ ಟರ್ಕಿಶ್ ಎಂದು ಸೂಚಿಸಿದರೆ ಇಸ್ತಾಂಬುಲ್‌ನ ಚುಕ್ಕೆ ಉಳಿಯುತ್ತದೆ. ಗೋ ಭಾಷೆಯಲ್ಲಿ, 2.4ರ ನಂತರದ ರೂಬಿಯಲ್ಲಿ ಇದಕ್ಕೆಂದೇ ಆಯ್ಕೆಗಳಿವೆ. ಪೈಥಾನ್‌ನಲ್ಲಿ ಭಾಷೆಯೊಳಗೇ ಅಂಥದ್ದಿಲ್ಲ, ಐಸಿಯು ಎಂಬ ಲೈಬ್ರರಿ ತಂದುಕೊಳ್ಳಬೇಕು. ವೆಬ್ ಪುಟಗಳಲ್ಲಿ ಕೆಲಸ ಇನ್ನೂ ಸುಲಭ. ಪುಟದ ಭಾಷೆ ಟರ್ಕಿಶ್ ಎಂದು ಎಚ್‌ಟಿಎಂಎಲ್‌ನ ‘ಲ್ಯಾಂಗ್’ ಗುಣದಲ್ಲಿ ಬರೆದಿದ್ದರೆ, ಸಿಎಸ್‌ಎಸ್ ಮೂಲಕ ದೊಡ್ಡಕ್ಷರ ಮಾಡುವಾಗ ಬ್ರೌಸರ್ ತಾನೇ ಟರ್ಕಿಶ್ ನಿಯಮ ಹಿಡಿಯುತ್ತದೆ. ಆದರೆ ಆ ಪುಟದಲ್ಲಿ ವಿಕಿಪೀಡಿಯ ಎಂಬ ಹೆಸರಿದ್ದರೆ ಅದರ ಐಗಳೂ ಚುಕ್ಕೆ ಧರಿಸಿ ನಿಲ್ಲುತ್ತವೆ. ಅಂಥ ಪದಗಳಿಗಷ್ಟೇ ಪ್ರತ್ಯೇಕವಾಗಿ ಇಂಗ್ಲಿಷ್ ಎಂಬ ಗುರುತು ಹಚ್ಚಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಯಂತ್ರದ ಭಾಷೆ ಬೇರೆ, ಹೆಸರಿನ ಭಾಷೆ ಬೇರೆ. ಬರ್ಲಿನ್‌ನಲ್ಲಿರುವ ಟರ್ಕಿಶ್ ಮೂಲದ ಮಹಿಳೆಯ ಫೋನ್ ಜರ್ಮನ್ ಭಾಷೆಯಲ್ಲಿರುತ್ತದೆ, ಆಕೆಯ ಹೆಸರು ಟರ್ಕಿಶ್. ಇಸ್ತಾಂಬುಲ್‌ನಲ್ಲಿ ಕೆಲಸ ಮಾಡುವ ಕನ್ನಡಿಗ ಗಿರೀಶನ ಹೆಸರನ್ನು ಅಲ್ಲಿನ ಯಂತ್ರ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದರೆ ಎರಡು ಚುಕ್ಕೆ ಹೆಚ್ಚಿಗೆ ಬರುತ್ತವೆ. ಗ್ರಾಹಕರ ಪಟ್ಟಿಯಲ್ಲಿ ಇವರಿಬ್ಬರೂ ಇದ್ದರೆ ಯಾವ ನಿಯಮ ಹಾಕಿದರೂ ಒಬ್ಬರಿಗೆ ತಪ್ಪು. ಅದಕ್ಕೇ ಜನರ ಹೆಸರುಗಳ ವಿಷಯದಲ್ಲಿ ನನ್ನ ಸಲಹೆ ಸರಳ: ಬದಲಿಸಲೇಬೇಡಿ. ಅವರು ಹೇಗೆ ಟೈಪ್ ಮಾಡಿದರೋ ಹಾಗೇ ಇಟ್ಟುಕೊಳ್ಳಿ, ಹಾಗೇ ತೋರಿಸಿ. ‘ಎಲ್ಲವನ್ನೂ ಕ್ಯಾಪಿಟಲ್‌ನಲ್ಲಿ ತುಂಬಿ’ ಎನ್ನುವ ಫಾರಂಗಳು ಕಾಗದದ ಕಾಲದ ಪಳೆಯುಳಿಕೆ. ಅಕ್ಷರ ಸರಿಯಾಗಿ ಕಾಣಲಿ ಎಂದು ಹುಟ್ಟಿದ ಆ ನಿಯಮ ಕೀಬೋರ್ಡ್‌ನಲ್ಲಿ ಬರೆಯುವವರಿಗೆ ಯಾಕೆ ಬೇಕು? ಪಾಸ್‌ಪೋರ್ಟ್‌ನ ಕೆಳಭಾಗದ ಯಂತ್ರ ಓದುವ ಸಾಲುಗಳ ಮಾತು ಬೇರೆ, ಅಲ್ಲಿ ಅಂತರರಾಷ್ಟ್ರೀಯ ನಿಯಮದಂತೆ ಎಲ್ಲ ಐಗಳೂ ಒಂದೇ ಬೋಳು ಐ ಆಗುತ್ತವೆ.

ಹುಡುಕಾಟಕ್ಕೆ ಯಂತ್ರದ ನಿಯಮ, ಮನುಷ್ಯರ ನಿಯಮ ಎರಡೂ ಒಗ್ಗುವುದಿಲ್ಲ. ವಿದೇಶದ ಕೀಬೋರ್ಡ್ ಮುಂದೆ ಕೂತ ಟರ್ಕಿಶ್ ಜನ ಚುಕ್ಕೆ ಗಿಕ್ಕೆ ನೋಡದೆ ಸಿಕ್ಕ ಐ ಒತ್ತುತ್ತಾರೆ. ಅವರಿಗೆ ‘ಫಲಿತಾಂಶವಿಲ್ಲ’ ಎಂದು ತೋರಿಸುವುದು ಸಲ್ಲದು. ಹುಡುಕುವ ಇಂಡೆಕ್ಸ್‌ನಲ್ಲಿ ಮಾತ್ರ ನಾಲ್ಕೂ ಐಗಳನ್ನು ಒಂದೇ ಎಂದು ಎಣಿಸಿ, ತೋರಿಸುವಾಗ ಮೂಲ ರೂಪ ತೋರಿಸಿ. ಗಡಿ ಹುಡುಕಿದವರಿಗೆ ನರವೂ ಸಿಕ್ಕೀತು, ಪರವಾಗಿಲ್ಲ. ಇದೇ ಉದಾರತೆಯನ್ನು ಬಳಕೆದಾರರ ಹೆಸರು, ಇಮೇಲ್‌ಗಳಿಗೆ ತೋರಿಸಿದರೆ ಜ್ಯಾಂಗೊಗೆ ಆದದ್ದೇ ಆಗುತ್ತದೆ.

ಟರ್ಕಿ ಟೆಸ್ಟ್

2008ರ ಸುಮಾರಿಗೆ ‘ಟರ್ಕಿ ಟೆಸ್ಟ್’ ಎಂಬ ಮಾತು ಪ್ರೋಗ್ರಾಮರ್‌ಗಳ ನಡುವೆ ಚಾಲ್ತಿಗೆ ಬಂತು. ಲೊಕೇಲ್ ಸಂಬಂಧದ ತಪ್ಪು ಹಿಡಿಯಬೇಕೆಂದರೆ ಪ್ರೋಗ್ರಾಂ ಅನ್ನು ಟರ್ಕಿಶ್ ಸೆಟ್ಟಿಂಗ್‌ನಲ್ಲಿ ಓಡಿಸಿ ನೋಡುವುದೇ ಒಳ್ಳೆಯ ದಾರಿ ಎಂಬುದು ಅದರ ಹುರುಳು. ಐ ಮಾತ್ರವಲ್ಲ, ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ. ದಿನಾಂಕ ಬರೆದರೆ 29.10.1923. ನಮ್ಮ ಕೋಡ್ ಸದ್ದಿಲ್ಲದೆ ನಂಬಿಕೊಂಡ ಎಷ್ಟೋ ಸಂಗತಿಗಳು ಒಂದೇ ಏಟಿಗೆ ಬಯಲಿಗೆ ಬೀಳುತ್ತವೆ.

ಇದಕ್ಕೆ ಟರ್ಕಿಗೆ ಹೋಗಬೇಕಾಗಿಲ್ಲ, ಟರ್ಕಿಶ್ ಓದಲು ಬರಬೇಕಾಗಿಯೂ ಇಲ್ಲ. ಜಾವಾ ಪ್ರೋಗ್ರಾಂ ಶುರುಮಾಡುವಾಗ ಬಳಕೆದಾರರ ಭಾಷೆ ‘ಟಿಆರ್’, ದೇಶವೂ ‘ಟಿಆರ್’ ಎಂದು ಎರಡು ಸೂಚನೆ ಕೊಟ್ಟರೆ ಸಾಕು. ಡಾಟ್‌ನೆಟ್‌ನಲ್ಲಿ ಟೆಸ್ಟ್‌ನ ಮೊದಲ ಸಾಲಿನಲ್ಲೇ ‘ಕರೆಂಟ್ ಕಲ್ಚರ್’ ಅನ್ನು ಟರ್ಕಿಶ್ ಮಾಡಬಹುದು. ಸಾಮಾನ್ಯ ಬಳಕೆದಾರರು ವಿಂಡೋಸ್‌ನ ಸೆಟ್ಟಿಂಗ್‌ಗಳಲ್ಲಿ ಪ್ರಾದೇಶಿಕ ಮಾದರಿಯನ್ನು ಟರ್ಕಿಶ್ ಎಂದು ಬದಲಿಸಿದರೂ ಆಯಿತು. ಪರದೆಯ ಭಾಷೆ ಇಂಗ್ಲಿಷಾಗಿಯೇ ಉಳಿಯುವುದರಿಂದ ದಾರಿ ತಪ್ಪುವ ಭಯವಿಲ್ಲ. ಪರೀಕ್ಷೆಗೆ ಒಂದೇ ಪದ ಆರಿಸಿಕೊಳ್ಳಬೇಕೆಂದರೆ ನಾನು ದಿಯಾರ್‌ಬಕಿರ್ ಎಂಬ ಊರಿನ ಹೆಸರು ಆರಿಸುತ್ತೇನೆ. ಟರ್ಕಿಯ ಆಗ್ನೇಯ ಭಾಗದ ಆ ಊರಿನ ಹೆಸರಿನಲ್ಲಿ ಹತ್ತು ಅಕ್ಷರ. ಎರಡನೆಯದು ಚುಕ್ಕೆ ಐ, ಒಂಬತ್ತನೆಯದು ಬೋಳು ಐ. ದೊಡ್ಡದು ಮಾಡಿ, ಮತ್ತೆ ಚಿಕ್ಕದು ಮಾಡಿ. ಎರಡೂ ಸ್ವಸ್ಥಾನದಲ್ಲೇ ಇದ್ದರೆ ಮನುಷ್ಯರಿಗಾಗಿ ಬರೆದ ಕೋಡ್ ಸರಿಯಿದೆ. ಯಂತ್ರಕ್ಕಾಗಿ ಬರೆದದ್ದಕ್ಕೆ ಇನ್ಸರ್ಟ್ ಎಂಬ ಪದವೊಂದೇ ಸಾಕು.

ಕೈಯಿಂದ ಪರೀಕ್ಷಿಸುವುದು ಒಂದು ಸಲಕ್ಕೆ ಸರಿ. ಪ್ರತಿ ಸಲಕ್ಕೂ ಕಾವಲು ಬೇಕೆಂದರೆ ಉಪಕರಣಗಳಿವೆ. ಆಂಡ್ರಾಯ್ಡ್‌ನ ಲಿಂಟ್‌ನಲ್ಲಿ ‘ಡೀಫಾಲ್ಟ್ ಲೊಕೇಲ್’ ಎಂಬ ಎಚ್ಚರಿಕೆ ಇದಕ್ಕೇ ಇರುವುದು. ಡಾಟ್‌ನೆಟ್‌ನಲ್ಲಿ ಸಿಎ1304, ಸಿಎ1311 ನಿಯಮಗಳನ್ನು ಎಚ್ಚರಿಕೆಯ ಬದಲು ಎರರ್ ಎಂದೇ ಎಣಿಸುವಂತೆ ಮಾಡಿದರೆ ಲೊಕೇಲ್ ಹೇಳದ ಸಾಲು ಬಿಲ್ಡ್ ದಾಟುವುದಿಲ್ಲ. ಹುಡುಕಾಟದ ಲೈಬ್ರರಿ ಲೂಸೀನ್‌ನ ತಂಡದ ಪದ್ಧತಿ ಇವೆಲ್ಲಕ್ಕಿಂತ ನನಗೆ ಇಷ್ಟ: ಅವರ ಟೆಸ್ಟ್‌ಗಳು ಪ್ರತಿ ಸಲ ಓಡುವಾಗಲೂ ಯಾವುದೋ ಒಂದು ಲೊಕೇಲ್, ಯಾವುದೋ ಒಂದು ಟೈಮ್‌ಝೋನ್ ಎತ್ತಿಕೊಳ್ಳುತ್ತವೆ. ಇವತ್ತು ಟರ್ಕಿಶ್, ನಾಳೆ ಥಾಯ್. ಯಾರೂ ನೆನಪಿಟ್ಟುಕೊಂಡು ಪರೀಕ್ಷಿಸಬೇಕಾಗಿಲ್ಲ. ಟೆಸ್ಟ್ ಬಿದ್ದಾಗ ಯಾವ ಲೊಕೇಲ್‌ನಲ್ಲಿ ಬಿತ್ತೆಂದು ದಾಖಲಾಗಿರುತ್ತದೆ, ಅದೇ ಸ್ಥಿತಿಯಲ್ಲಿ ಮತ್ತೆ ಓಡಿಸಬಹುದು.

ಕೋಡ್ ಸರಿಯಾಯಿತು ಎನ್ನಿ. ಅಷ್ಟರಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ನಿಯಮದಲ್ಲಿ ದೊಡ್ಡಕ್ಷರವಾಗಿ ಡೇಟಾಬೇಸ್‌ನಲ್ಲಿ ಕೂತ ಹೆಸರುಗಳ ಗತಿ? ಅವುಗಳಲ್ಲಿ ಎಲ್ಲ ಐಗಳೂ ಬೋಳಾಗಿವೆ, ಯಾವುದಕ್ಕೆ ಚುಕ್ಕೆ ಇತ್ತೆಂದು ಯಾವ ಫಂಕ್ಷನ್ನೂ ಹೇಳಲಾರದು. ಊರುಗಳದ್ದು ಸುಲಭ: ಟರ್ಕಿಯ 81 ಪ್ರಾಂತ್ಯಗಳ, ಅವುಗಳ ತಾಲ್ಲೂಕುಗಳ ಪಟ್ಟಿ ತೆಗೆದುಕೊಂಡು ಹೋಲಿಸಿ ಸರಿಪಡಿಸಬಹುದು. ಜನರ ಹೆಸರುಗಳನ್ನು ಹಾಗೆ ಊಹಿಸಿ ತಿದ್ದುವುದು ಅಪಾಯ, ಸರಿಯಿದ್ದದ್ದೂ ಕೆಟ್ಟೀತು. ಅವರು ಮುಂದಿನ ಸಲ ಲಾಗಿನ್ ಆದಾಗ ಹೆಸರನ್ನು ಒಂದು ಖಾನೆಯಲ್ಲಿ ತೋರಿಸಿ, ‘ನಿಮ್ಮ ಹೆಸರು ಸರಿಯಾಗಿದೆಯೇ? ಇಲ್ಲದಿದ್ದರೆ ತಿದ್ದಿ’ ಎಂದು ಅವರದೇ ಭಾಷೆಯಲ್ಲಿ ಕೇಳಿ. ಆ ಖಾನೆ ನಾಲ್ಕೂ ಐಗಳನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಂಡಿರಿ.